ಕಡಲ ತಳದ ಚಿಕ್ಕವರನ್ನು ಮೊದಲು ನೋಡಿದವರು

ಸ್ಕೂಬಾ ಡೈವಿಂಗ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ತಿಳಿನೀಲಿ ನೀರು, ಬಣ್ಣಬಣ್ಣದ ಹವಳ, ನಿಧಾನಕ್ಕೆ ಈಜುವ ಆಮೆ, ಅದೃಷ್ಟ ನೆಟ್ಟಗಿದ್ದರೆ ಒಂದು ಶಾರ್ಕ್. ಆದರೆ ಜಗತ್ತಿನ ಮೂಲೆಮೂಲೆಯಿಂದ ಜನ ವಿಮಾನ ಹತ್ತಿ, ವರ್ಷದ ರಜೆಯನ್ನೆಲ್ಲ ಒಟ್ಟು ಮಾಡಿಕೊಂಡು ಒಂದು ಕಡೆ ಹೋಗಿ, ಬೂದಿಯಂಥ ಕಪ್ಪು ಮರಳಿನ ಮೇಲೆ, ಖಾಲಿ ಬಾಟಲಿ, ಹರಿದ ಚಪ್ಪಲಿ, ತೆಂಗಿನ ಕರಟಗಳ ನಡುವೆ ತಲೆ ತಗ್ಗಿಸಿ ಹುಡುಕುತ್ತಾ ಇರ್ತಾರೆ ಅಂದ್ರೆ ನಂಬ್ತೀರಾ? ನಂಬಲೇಬೇಕು. ಆ ಜಾಗದ ಹೆಸರು ಲೆಂಬೆ ಜಲಸಂಧಿ. ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಉತ್ತರ ತುದಿಯಲ್ಲಿ, ಬಿತುಂಗ್ ಅನ್ನೋ ಬಂದರು ಊರಿಗೂ ಅದರೆದುರಿನ ಲೆಂಬೆ ದ್ವೀಪಕ್ಕೂ ನಡುವೆ ಇರುವ ಒಂದೆರಡು ಕಿಲೋಮೀಟರ್ ಅಗಲದ ಸಮುದ್ರದ ಓಣಿ. ಅಲ್ಲಿ ಹುಡುಕೋದು ಉಗುರಿನಷ್ಟು ಉದ್ದದ ಕಡಲಕುದುರೆ, ಅಕ್ಕಿಕಾಳಿನಷ್ಟು ಸೀಗಡಿ, ಚಿಪ್ಪಿಲ್ಲದ ಬಣ್ಣದ ಬಸವನಹುಳು, ಕಲ್ಲಿನಂತೆ ಕೂತಿರುವ ಮೀನು, ಇಂಥವರನ್ನ. ಎಲ್ಲರ ಕೈಯಲ್ಲೂ ಒಂದೊಂದು ಕ್ಯಾಮೆರಾ.

ನೇತ್ರಾಣಿಯಲ್ಲಿ ಡೈವಿಂಗ್ ರುಚಿ ಹತ್ತಿಸಿಕೊಂಡ ನಾನೂ ಹೋದ ವರ್ಷ ಲೆಂಬೆಗೆ ಹೋಗಿ ಬಂದೆ. ಪ್ರವಾಸಕಥನ ಬರೆಯೋಕೆ ಕೂತಿಲ್ಲ, ಹೆದರಬೇಡಿ :-) ಅಲ್ಲಿಂದ ಬಂದ ಮೇಲೆ ತಲೆಯಲ್ಲಿ ಕೊರೆಯುತ್ತಿದ್ದದ್ದು ಒಂದು ಪ್ರಶ್ನೆ. ಇಷ್ಟು ಚಿಕ್ಕ ಜೀವಿಗಳನ್ನ ಮೊದಲು ನೋಡಿದವರು ಯಾರು? ದಿನವಿಡೀ ಕೋಡ್ ಮುಂದೆ ಕೂತು "ಈ ಸಾಲನ್ನು ಬರೆದ ಪುಣ್ಯಾತ್ಮ ಯಾರು" ಅಂತ ಹುಡುಕುವ ನಮ್ಮಂಥವರಿಗೆ ಇಂಥ ಪ್ರಶ್ನೆ ಬಂದರೆ ಸುಮ್ಮನೆ ಬಿಡೋಕಾಗಲ್ಲ ನೋಡಿ. ಹುಡುಕುತ್ತಾ ಹೋದರೆ ಕಥೆ ಮುನ್ನೂರೈವತ್ತು ವರ್ಷ ಹಿಂದಕ್ಕೆ, ಒಬ್ಬ ಕುರುಡನ ಹತ್ತಿರ ಕರೆದುಕೊಂಡು ಹೋಯಿತು.

ಆತನ ಹೆಸರು ಗೇಯೋರ್ಗ್ ರುಂಫಿಯಸ್. ಹುಟ್ಟಿದ್ದು ಜರ್ಮನಿಯಲ್ಲಿ, 1627ರ ಹೊತ್ತಿಗೆ. ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಸೇರಿ 1650ರ ದಶಕದಲ್ಲಿ ಲೆಂಬೆಯಿಂದ ಆಗ್ನೇಯಕ್ಕಿರುವ ಅಂಬೋನ್ ದ್ವೀಪಕ್ಕೆ ಬಂದ. ಮೊದಲು ಸೈನ್ಯದ ಇಂಜಿನಿಯರ್ (ನಮ್ಮವನೇ!), ಆಮೇಲೆ ವ್ಯಾಪಾರದ ಅಧಿಕಾರಿ. ಲವಂಗದ ಲೆಕ್ಕ ಬರೆಯುವುದು ಹೊಟ್ಟೆಪಾಡು, ಗಿಡ, ಚಿಪ್ಪು, ಏಡಿ, ಹವಳ ಕೂಡಿಸಿ ವರ್ಣಿಸುವುದು ಹುಚ್ಚು. 1670ರಲ್ಲಿ ಕಣ್ಣು ಹೋಯಿತು. 1674ರಲ್ಲಿ ಅಂಬೋನನ್ನು ನಡುಗಿಸಿದ ಭೂಕಂಪದಲ್ಲಿ ಹೆಂಡತಿಯೂ ಮಗಳೂ ತೀರಿಕೊಂಡರು. 1687ರಲ್ಲಿ ಊರಿಗೆ ಬಿದ್ದ ಬೆಂಕಿಯಲ್ಲಿ ಅವನ ಚಿತ್ರಗಳು ಸುಟ್ಟುಹೋದವು. ಇಷ್ಟಾದರೂ ಮನುಷ್ಯ ಕೆಲಸ ಬಿಡಲಿಲ್ಲ. ಕಂಪನಿ ಕೊಟ್ಟ ಗುಮಾಸ್ತರಿಗೆ ಹೇಳಿ ಬರೆಸಿದ, ಮಗನಿಂದ ಚಿತ್ರ ಬರೆಸಿದ. 1702ರಲ್ಲಿ ತೀರಿಕೊಂಡ. ಮೂರು ವರ್ಷದ ನಂತರ, 1705ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ ಅವನ ಪುಸ್ತಕ ಅಚ್ಚಾಯಿತು. ಹೆಸರು "ಅಂಬೋನಿನ ಕುತೂಹಲದ ಕಪಾಟು" ಅಂತ ಇಟ್ಟುಕೊಳ್ಳಬಹುದು. ಏಡಿ, ಸೀಗಡಿ, ಶಂಖ, ಕವಡೆ, ಚಿಪ್ಪು ಎಲ್ಲ ಅದರಲ್ಲಿವೆ. ಮುಂದೆ ಲಿನೇಯಸ್ ಪ್ರಾಣಿಗಳಿಗೆಲ್ಲ ಲ್ಯಾಟಿನ್ ಹೆಸರಿಡುವಾಗ ಇದೇ ಪುಸ್ತಕದ ಚಿತ್ರಗಳನ್ನ ಎದುರಿಗಿಟ್ಟುಕೊಂಡಿದ್ದ.

ಈಗ ಯೋಚನೆ ಮಾಡಿ. ಕಣ್ಣಿಲ್ಲದವನು ಕಡಲಿನ ಚಿಕ್ಕ ಜೀವಿಗಳ ದೊಡ್ಡ ಪುಸ್ತಕ ಬರೆದ ಅಂದ್ರೆ ನೋಡಿದವರು ಬೇರೆ ಯಾರೋ ಇರಬೇಕಲ್ವಾ? ಇದ್ದರು. ಇಳಿತದ ಹೊತ್ತಿಗೆ ಬಂಡೆ ಸಂದಿಗೆ ಕೈ ಹಾಕುತ್ತಿದ್ದವರು, ಮುಳುಗಿ ಚಿಪ್ಪು ತರುತ್ತಿದ್ದವರು, ಯಾವ ಏಡಿ ತಿಂದರೆ ಸಾಯ್ತೀವಿ ಅಂತ ಗೊತ್ತಿದ್ದವರು ಅಂಬೋನಿನ ಜನ. ರುಂಫಿಯಸ್ ಮೋಸಗಾರನಲ್ಲ. ಜೀವಿಗಳ ಸ್ಥಳೀಯ ಹೆಸರುಗಳನ್ನೂ ಅಲ್ಲಿನವರು ಅವನ್ನು ಹೇಗೆ ಬಳಸುತ್ತಿದ್ದರು ಅನ್ನೋದನ್ನೂ ಶ್ರದ್ಧೆಯಿಂದ ಬರೆಸಿದ್ದಾನೆ. ತಿಳಿಸಿಕೊಟ್ಟ ಕೆಲವರ ಹೆಸರೂ ಅವನ ಬರಹಗಳಲ್ಲಿ ಅಲ್ಲಲ್ಲಿ ಸಿಗುತ್ತೆ. ಆದರೆ ನೀರಿಗಿಳಿದ ಬಹುಪಾಲು ಜನ "ಊರಿನವರು" ಆಗಿಯೇ ಉಳಿದುಬಿಟ್ಟರು.

ಇದು ಕಾಲದ ದೋಷ, ಆಗೆಲ್ಲ ಹಾಗೇ ಇತ್ತು ಅಂತ ಹೇಳೋ ಹಾಗೂ ಇಲ್ಲ. ಅದೇ ಕಂಪನಿ, ಅದೇ ಕಾಲ, ನಮ್ಮ ಪಕ್ಕದ ಕೊಚ್ಚಿ. ಅಲ್ಲಿ ವಾನ್ ರೀಡ್ ಅನ್ನೋ ಡಚ್ ಅಧಿಕಾರಿ ಮಲಬಾರಿನ ಗಿಡಮರಗಳ ಬಗ್ಗೆ "ಹೊರ್ತುಸ್ ಮಲಬಾರಿಕುಸ್" ಅನ್ನೋ 12 ಸಂಪುಟದ ಪುಸ್ತಕ ಮಾಡಿಸಿದ. ಅಚ್ಚಾಗಿದ್ದು 1678ರಿಂದ 1693ರವರೆಗೆ. ಅದರ ಮೊದಲ ಸಂಪುಟದಲ್ಲಿ ಮಾಹಿತಿ ಕೊಟ್ಟವರ ಹೆಸರು ರಾಜಾರೋಷವಾಗಿ ಇದೆ: ಈಳವ ವೈದ್ಯ ಇಟ್ಟಿ ಅಚ್ಯುದನ್, ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಅನ್ನೋ ಮೂವರು ಕೊಂಕಣಿ ಪಂಡಿತರು. ಅವರು ಕೊಂಕಣಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರವನ್ನ ನಾಗರಿ ಲಿಪಿಯಲ್ಲೇ ಅಚ್ಚು ಹಾಕಿದ್ದಾರೆ. ಅಂದ್ರೆ ಮನಸ್ಸಿದ್ದರೆ 1678ರಲ್ಲೂ ಆಗುತ್ತಿತ್ತು! ವೈದ್ಯರಿಗೆ, ಓದು ಬರಹ ಬಲ್ಲವರಿಗೆ ಸಿಕ್ಕ ಈ ಮರ್ಯಾದೆ ಮುಳುಗು ಹಾಕುವ ಬೆಸ್ತನಿಗೆ ಸಿಗೋಕೆ ಇನ್ನೂ ಮುನ್ನೂರು ವರ್ಷ ಬೇಕಾಯಿತು. ಅದಕ್ಕೆ ಆಮೇಲೆ ಬರ್ತೀನಿ.

ರುಂಫಿಯಸ್ ಆದ ಮೇಲೆ ಎರಡು ಶತಮಾನ ಕಡಲಿನ ಬಗ್ಗೆ ತಿಳಿದದ್ದೆಲ್ಲ ನೀರಿನ ಮೇಲಿನಿಂದ. ಪೀಟರ್ ಬ್ಲೀಕರ್ ಅನ್ನೋ ಡಚ್ ಸೈನ್ಯದ ವೈದ್ಯ 1842ರಿಂದ 1860ರವರೆಗೆ ಹೆಚ್ಚಿನ ಕಾಲ ಬಟಾವಿಯಾದಲ್ಲಿ (ಈಗಿನ ಜಕಾರ್ತ) ಇದ್ದು ಸಾವಿರಕ್ಕೂ ಹೆಚ್ಚು ಹೊಸ ಮೀನುಗಳನ್ನ ವರ್ಣಿಸಿದ. ಅವನ ಪ್ರಯೋಗಾಲಯ ಹೆಚ್ಚುಕಡಿಮೆ ಮೀನು ಮಾರುಕಟ್ಟೆಯೇ. ಮಾರುಕಟ್ಟೆಗೆ ಬರೋದು ಬಲೆಗೆ ಸಿಕ್ಕಿದ್ದು, ತಿನ್ನೋಕೆ ಆಗೋದು. ಬಲೆಯ ಕಣ್ಣಿಗಿಂತ ಚಿಕ್ಕವರು ವಿಜ್ಞಾನದ ಕಣ್ಣಿನಿಂದಲೂ ಜಾರಿ ಹೋಗುತ್ತಿದ್ದರು. 1857ರ ಕೊನೆಗೆ ಆಲ್ಫ್ರೆಡ್ ರಸೆಲ್ ವಾಲೇಸ್ ಅಂಬೋನಿಗೆ ಬಂದ. ದೋಣಿಯಿಂದ ಬಗ್ಗಿ ನೋಡಿದರೆ ಬಂದರಿನ ತಳ ಪೂರ್ತಿ ಹವಳ, ಸ್ಪಂಜು, ಬಣ್ಣದ ಮೀನು. ಬೆರಗಾಗಿ ತನ್ನ ಪುಸ್ತಕದಲ್ಲಿ ಅದನ್ನ ಬರೆದಿದ್ದಾನೆ. ಆದರೆ ಬಗ್ಗಿ ನೋಡಿದ್ದಷ್ಟೇ. ಇಳಿಯೋಕೆ ಅವನ ಕಾಲದ ಪ್ರವಾಸಿಗೆ ದಾರಿಯಿರಲಿಲ್ಲ. ಜೀರುಂಡೆ, ಚಿಟ್ಟೆಗಳನ್ನ ರಾಶಿ ಹಾಕಿಕೊಂಡು ಹೋದವನಿಗೆ ಕೆಳಗಿನ ಚಿಕ್ಕವರು ಸಿಗಲಿಲ್ಲ.

ನೋಡಿದ್ದನ್ನ ಮೇಲೆ ತರೋದು ಹೇಗೆ ಅಂತ ತಲೆ ಕೆಡಿಸಿಕೊಂಡವನು ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಲೂಯಿ ಬೂಟಾನ್. ಮೇಲಿನಿಂದ ಗಾಳಿ ಪಂಪ್ ಮಾಡುವ ಭಾರದ ಹೆಲ್ಮೆಟ್ಟು ಹಾಕಿಕೊಂಡು ಮೆಡಿಟರೇನಿಯನ್ ದಡದ ಬಾನ್ಯುಲ್ಸ್‌ನಲ್ಲಿ ನೀರಿಗಿಳಿಯುತ್ತಿದ್ದ. 1893ರಲ್ಲಿ, ಇಂಜಿನಿಯರ್ ಆಗಿದ್ದ ಅಣ್ಣತಮ್ಮನ ಸಹಾಯದಿಂದ ಕ್ಯಾಮೆರಾಗೆ ನೀರು ನುಗ್ಗದ ಪೆಟ್ಟಿಗೆ ಮಾಡಿಸಿ ಫೋಟೋ ತೆಗೆದ. ಒಂದು ಫೋಟೋಗೆ ಹತ್ತಾರು ನಿಮಿಷ ಕಾಯಬೇಕಾಗುತ್ತಿತ್ತು. ಅಷ್ಟು ಹೊತ್ತು ಅಲ್ಲಾಡದೆ ನಿಲ್ಲುವ ಮೀನು ಎಲ್ಲಿದೆ ಹೇಳಿ! ಕೊನೆಗೆ ಮೆಗ್ನೀಷಿಯಂ ಉರಿಸಿ ಬೆಳಕು ಮಾಡಿದ. 1926ರಲ್ಲಿ ಅಮೆರಿಕದ ಲಾಂಗ್ಲಿ ಮತ್ತು ಮಾರ್ಟಿನ್ ಫ್ಲಾರಿಡಾದ ಹತ್ತಿರ ನೀರಿನೊಳಗೆ ಮೊದಲ ಕಲರ್ ಫೋಟೋಗಳನ್ನ ತೆಗೆದರು. ನೀರಿನ ಮೇಲೆ ತೇಲುವ ತೆಪ್ಪದಲ್ಲಿ ಮೆಗ್ನೀಷಿಯಂ ಪುಡಿ ರಾಶಿ ಹಾಕಿ ಸಿಡಿಸುತ್ತಿದ್ದರಂತೆ. ನಮ್ಮ ದೀಪಾವಳಿ ಏನೂ ಅಲ್ಲ ಅದರ ಮುಂದೆ. 1927ರ ಜನವರಿಯ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಅವು ಬಂದವು.

ಬೆಳಕಿಗೆ ಯಾಕೆ ಇಷ್ಟು ಒದ್ದಾಟ ಅಂದ್ರೆ, ನೀರು ಮೊದಲು ನುಂಗೋದು ಕೆಂಪು ಬಣ್ಣವನ್ನ. ಕೆಲವೇ ಮೀಟರ್ ಇಳಿದರೆ ಕೆಂಪು ಮಂಕಾಗುತ್ತೆ, ಇಪ್ಪತ್ತು ಮೀಟರಿಗೆ ರಕ್ತದ ಬಣ್ಣವೂ ಮಾಸಲು. ಕೆಂಪು ಹವಳದ ಮೇಲೆ ಕೆಂಪಗೆ ಕೂತ ಜೀವಿ ಬೆಳಕಿಲ್ಲದೆ ಕಾಣಿಸೋದೇ ಇಲ್ಲ. ಜೊತೆಗೆ ಹತ್ತಿರ ಹೋಗಬೇಕು, ಹೆಚ್ಚು ಹೊತ್ತು ನಿಲ್ಲಬೇಕು. ಅದಕ್ಕೆ ಅನುಕೂಲವಾಗಿದ್ದು 1943ರಲ್ಲಿ ಕುಸ್ಟೋ ಮತ್ತು ಗಾನ್ಯಾನ್ ಮಾಡಿದ ಆಕ್ವಾಲಂಗ್, ಅಂದ್ರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸ್ವತಂತ್ರವಾಗಿ ಈಜುವ ಉಪಾಯ. 1963ರಲ್ಲಿ ನಿಕಾನ್ ಕಂಪನಿ ನಿಕೋನೋಸ್ ಅನ್ನೋ ಕ್ಯಾಮೆರಾ ತಂತು. ಪೆಟ್ಟಿಗೆಯೇ ಬೇಡ, ಕ್ಯಾಮೆರಾನೇ ನೀರಿಗಿಳಿಯುತ್ತಿತ್ತು. ಆದರೆ ಲೆನ್ಸಿನೊಳಗಿಂದ ನೋಡೋಕಾಗುತ್ತಿರಲಿಲ್ಲ. ಚಿಕ್ಕ ಜೀವಿಯ ಫೋಟೋ ಬೇಕಾದರೆ ಮುಂದೆ ಒಂದು ತಂತಿಯ ಚೌಕಟ್ಟು ಸಿಕ್ಕಿಸಿ, ಜೀವಿ ಆ ಚೌಕಟ್ಟಿನೊಳಗೆ ಬರುವ ಹಾಗೆ ಹಿಡಿದು ಕ್ಲಿಕ್ ಮಾಡಬೇಕು. ಮೂವತ್ತಾರು ಕ್ಲಿಕ್ ಆದರೆ ಆ ಡೈವ್ ಮುಗೀತು. ಜೀವಿಯ ಮುಖಕ್ಕೇ ತಂತಿ ಹಿಡಿಯುವ ಈ ಏರ್ಪಾಡನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇಷ್ಟೆಲ್ಲ ಸಲಕರಣೆ ಬಂದರೂ ಉಗುರಿನಷ್ಟು ಕಡಲಕುದುರೆ ಇದೆ ಅನ್ನೋದೇ ವಿಜ್ಞಾನಕ್ಕೆ ಗೊತ್ತಿರಲಿಲ್ಲ. ಅದು ಗೊತ್ತಾದದ್ದು 1969ರಲ್ಲಿ, ಆಕಸ್ಮಿಕವಾಗಿ, ನೀರಿನಿಂದ ಹೊರಗೆ! ಪೆಸಿಫಿಕ್‌ನ ನ್ಯೂ ಕ್ಯಾಲೆಡೋನಿಯಾದ ನೌಮಿಯಾ ಅಕ್ವೇರಿಯಂಗೆ ಅಂತ ಬೀಸಣಿಗೆಯಂಥ ಹವಳ (ಸೀ ಫ್ಯಾನ್) ಕೂಡಿಸುತ್ತಿದ್ದ ಜಾರ್ಜ್ ಬಾರ್ಜಿಬಾಂ, ಹಿಡಿದು ತಂದ ಹವಳವನ್ನ ನೋಡುವಾಗ ಅದಕ್ಕೆ ಅಂಟಿಕೊಂಡಿದ್ದ ಪುಟ್ಟ ಕಡಲಕುದುರೆಗಳು ಕಂಡವು. ಹವಳದ ಗುಳ್ಳೆಗಳಂಥದ್ದೇ ಗುಳ್ಳೆ ಮೈಮೇಲೆ, ಅದೇ ಬಣ್ಣ. ಮರುವರ್ಷ ಸಿಡ್ನಿಯ ಮ್ಯೂಸಿಯಮ್ಮಿನ ಗಿಲ್ಬರ್ಟ್ ವಿಟ್ಲಿ ಅದಕ್ಕೆ "ಹಿಪ್ಪೋಕ್ಯಾಂಪಸ್ ಬಾರ್ಜಿಬಾಂಟಿ" ಅಂತ ಹೆಸರಿಟ್ಟ. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ವರ್ಷವೇ ಇದೂ ಸಿಕ್ಕಿದ್ದು ಅನ್ನೋದು ನನಗೆ ಬಹಳ ಇಷ್ಟವಾದ ವಿಷಯ. ಕೂಡಿಸಿದವನ ಹೆಸರೇ ಜೀವಿಗೆ ಬಂತು ಅನ್ನೋದು ಇನ್ನೊಂದು.

ಮುಂದೆ ಬಂತು ಕೊಳಕಿನ ಕಾಲ. ಪಪುವಾ ನ್ಯೂಗಿನಿಯಲ್ಲಿ ಡೈವಿಂಗ್ ಪ್ರವಾಸ ನಡೆಸುತ್ತಿದ್ದ ಬಾಬ್ ಹಾಲ್‌ಸ್ಟೆಡ್ 1980ರ ದಶಕದಲ್ಲಿ ಮಿಲ್ನೆ ಕೊಲ್ಲಿಯ ಹವಳವಿಲ್ಲದ ಬರೀ ಮರಳು ಕೆಸರಿನ ತಳದಲ್ಲಿ ಪ್ರವಾಸಿಗಳನ್ನ ಇಳಿಸತೊಡಗಿದ. ಅದಕ್ಕೆ "ಮಕ್ ಡೈವಿಂಗ್" ಅಂತ ಹೆಸರು ಬಂತು. ಮಕ್ ಅಂದ್ರೆ ಕೆಸರು, ಕೊಳೆ. ಲೆಂಬೆಯಲ್ಲಿ ಮೊದಲ ಡೈವ್ ರಿಸಾರ್ಟ್ ತೆರೆದದ್ದು 1994ರಲ್ಲಿ. ಜ್ವಾಲಾಮುಖಿಯ ಕಪ್ಪು ಮರಳು, ಬಂದರಿನ ಕಸ. ಅಡಗೋಕೆ ಹವಳವಿಲ್ಲದ ಕಡೆ ಬದುಕುವ ಜೀವಿಗಳು ವೇಷ ಹಾಕೋದರಲ್ಲೇ ಪಳಗಿರುತ್ತವೆ. ನಮ್ಮ ಯಕ್ಷಗಾನದ ಚೌಕಿ ಇದ್ದ ಹಾಗೆ.

ಹೊರಗಿನವರು ಲೆಂಬೆಯ ಪುಟಾಣಿಗಳ ಫೋಟೋ ತೆಗೆಯೋಕೆ ಶುರು ಮಾಡಿದ ಹೊತ್ತಿಗೇ ಅಲ್ಲಿ ಇನ್ನೊಂದು ನಡೆಯಿತು. 1996-97ರಲ್ಲಿ ದೊಡ್ಡ ಮೀನುಗಳು ಓಡಾಡುವ ದಾರಿಗೆ ಅಡ್ಡಲಾಗಿ ಭಾರೀ ಬಲೆ ಹಾಕಿದ್ದರು. ಒಂದು ವರ್ಷವೂ ತುಂಬುವುದರೊಳಗೆ ಸಾವಿರಕ್ಕೂ ಹೆಚ್ಚು ಮಾಂಟಾ ತೊರಕೆಗಳು, ನೂರಾರು ಡಾಲ್ಫಿನ್‌ಗಳು, ತಿಮಿಂಗಿಲ ಶಾರ್ಕ್‌ಗಳು ಅದಕ್ಕೆ ಬಲಿಯಾದವು. ಬಲೆಯ ಕಣ್ಣಿನಿಂದ ಜಾರಿಹೋಗುವಷ್ಟು ಚಿಕ್ಕವರಾಗಿದ್ದವರು ಬಚಾವಾದರು. ಇವತ್ತು ಲೆಂಬೆಗೆ ಹೋಗೋರು ಯಾರೂ ಮಾಂಟಾ ನೋಡೋಕೆ ಹೋಗಲ್ಲ.

ಈಗ ನಾನು ನೋಡಿದ್ದನ್ನ ಸ್ವಲ್ಪ ಹೇಳಬೇಕು. ನಮ್ಮ ಗೈಡ್ ಐವತ್ತರ ಆಸುಪಾಸಿನವರು, ಲೆಂಬೆ ದ್ವೀಪದವರೇ. ಆ ಕಡೆ ಹಿರಿಯರನ್ನ "ಓಮ್" ಅಂತಾರೆ, ನಮ್ಮಲ್ಲಿ ಮಾಮ ಅನ್ನೋ ಹಾಗೆ. ಓಮ್ ಜೊತೆ ಇಪ್ಪತ್ತೆರಡು ಮೀಟರ್ ಕೆಳಗೆ ಹೋದಾಗ ಒಂದು ಸೀ ಫ್ಯಾನ್ ಮುಂದೆ ನಿಂತು, ಕೈಯಲ್ಲಿದ್ದ ಕಡ್ಡಿಯನ್ನ ಅದಕ್ಕೆ ತಗುಲದ ಹಾಗೆ ಒಂದು ಕಡೆ ತೋರಿಸಿದರು. ನನಗೆ ಕಂಡದ್ದು ಗುಳ್ಳೆ, ಗುಳ್ಳೆ, ಗುಳ್ಳೆ. ಕಡ್ಡಿ ಅಲ್ಲೇ ಇತ್ತು. ಒಂದು ನಿಮಿಷ ಕಳೆದಿರಬೇಕು, ಒಂದು ಗುಳ್ಳೆ ಮೆಲ್ಲಗೆ ತಿರುಗಿತು, ಅದಕ್ಕೊಂದು ಕಣ್ಣಿತ್ತು! ಮೇಲೆ ಬಂದ ಮೇಲೆ ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ. ಓಮ್ ನಕ್ಕು, ಅದು ಮೊನ್ನೆಯೂ ಅದೇ ಕೊಂಬೆಯಲ್ಲಿತ್ತು ಅಂದರು. ಅವರು ಹುಡುಕುತ್ತಿರಲಿಲ್ಲ, ಪರಿಚಯದವರ ಮನೆಗೆ ನಮ್ಮನ್ನ ಕರೆದುಕೊಂಡು ಹೋಗುತ್ತಿದ್ದರು. ದುಬಾರಿ ಕ್ಯಾಮೆರಾದಲ್ಲಿ ಆ ಕುದುರೆಯ ರೆಪ್ಪೆಯಿಲ್ಲದ ಕಣ್ಣು ಚೆನ್ನಾಗಿ ಬಂದಿದೆ. ನೋಡಿದವರೆಲ್ಲ "ನಿನ್ನ ಕಣ್ಣು ಸೂಪರ್ ಮಗಾ" ಅಂತಿದ್ದಾರೆ. ಯಾರ ಕಣ್ಣು?

ಈ ಕೆಸರು ತಳಗಳು ಆಮೇಲೆ ವಿಜ್ಞಾನಕ್ಕೆ ಕೊಟ್ಟದ್ದು ಕಡಿಮೆಯಲ್ಲ. ವಿಷದ ಮೀನಿನಂತೆ, ಕಡಲಹಾವಿನಂತೆ ನಟಿಸುವ ಮಿಮಿಕ್ ಆಕ್ಟೋಪಸ್ ಸಂಶೋಧಕರ ಗಮನಕ್ಕೆ ಬಂದದ್ದು 1998ರಲ್ಲಿ ಸುಲಾವೆಸಿಯ ಕೆಸರಿನಲ್ಲಿ. ಅದಕ್ಕೆ ಅಧಿಕೃತ ಹೆಸರು ಬಂದದ್ದು 2005ರಲ್ಲಿ. ಉತ್ತರ ಸುಲಾವೆಸಿ ಮತ್ತು ಬಾಲಿಯಲ್ಲಿ ಇನ್ನೊಂದು ಆಕ್ಟೋಪಸ್ ತೆಂಗಿನ ಕರಟವನ್ನ ಹೊತ್ತುಕೊಂಡು ಹೋಗಿ ಬೇಕಾದಾಗ ಮನೆ ಮಾಡಿಕೊಳ್ಳುತ್ತೆ ಅಂತ 2009ರಲ್ಲಿ ಪ್ರಕಟವಾಯಿತು. ಬೆನ್ನುಮೂಳೆಯಿಲ್ಲದ ಪ್ರಾಣಿಯೂ ಸಲಕರಣೆ ಬಳಸುತ್ತೆ ಅನ್ನೋದಕ್ಕೆ ಅದು ಸಾಕ್ಷಿಯಾಯಿತು. ಇನ್ನೊಂದು ಕಥೆ ರುಂಫಿಯಸ್‌ನ ಅಂಬೋನಿನದ್ದೇ. 2008ರಲ್ಲಿ ಅಲ್ಲಿನ ಬಂದರಿನ ತಳದಲ್ಲಿ ಡೈವ್ ಗೈಡ್‌ಗಳಿಗೆ ಮೈತುಂಬಾ ಸುರುಳಿ ಪಟ್ಟೆಗಳ ವಿಚಿತ್ರ ಮೀನು ಕಂಡಿತು. ಫೋಟೋ ಅಮೆರಿಕದ ತಜ್ಞರಿಗೆ ಹೋಯಿತು. ಆಮೇಲೆ ನೋಡಿದರೆ ಅದೇ ಮೀನಿನ ಎರಡು ಮಾದರಿ 1992ರಿಂದಲೂ ಅವರ ಸಂಗ್ರಹದಲ್ಲೇ ಇದ್ದವು! ಜಾಡಿಯ ದ್ರವದಲ್ಲಿ ಪಟ್ಟೆ ಮಾಸಿಹೋಗಿ ಬೇರೆ ಮೀನು ಅಂದುಕೊಂಡಿದ್ದರು. 2009ರಲ್ಲಿ ಅದು ಹೊಸ ಪ್ರಭೇದ ಅಂತ ಪ್ರಕಟವಾಯಿತು. ಬೀರುವಿನಲ್ಲಿದ್ದದ್ದು ಏನು ಅಂತ ಗೊತ್ತಾಗೋಕೆ ಜೀವಂತವಾಗಿ ನೋಡಿದವರ ಕಣ್ಣು ಬೇಕಾಯಿತು.

ಇನ್ನು ಆಗಲೇ ಹೇಳುತ್ತೇನೆ ಅಂದಿದ್ದ ಹೆಸರಿನ ವಿಷಯ. 2003ರಲ್ಲಿ ಇನ್ನೊಂದು ಪುಟ್ಟ ಕಡಲಕುದುರೆಗೆ ನೀರಿನೊಳಗಿನ ಛಾಯಾಗ್ರಾಹಕಿ ಡೆನಿಸ್ ಟ್ಯಾಕೆಟ್ ಅವರ ಹೆಸರು ಬಂತು. 2008ರಲ್ಲಿ ಸಾರಾ ಲೂರಿ ಮತ್ತು ರೂಡಿ ಕೈಟರ್ ಮತ್ತಷ್ಟು ಚಿಕ್ಕ ಕುದುರೆಗಳನ್ನ ವರ್ಣಿಸಿದರು. ಅದರಲ್ಲಿ ಒಂದು ಹಿಪ್ಪೋಕ್ಯಾಂಪಸ್ ಪೊಂಟೋಹಿ. ಇದು ಸೀ ಫ್ಯಾನ್ ಮೇಲೆ ಇರುವುದೇ ಇಲ್ಲ. ಬಂಡೆಗೋಡೆಯ ಪಾಚಿಯ ನಡುವೆ ಎಳೆಯಂತೆ ತೂಗಾಡುತ್ತಿರುತ್ತೆ. ಪುಸ್ತಕ ಓದಿಕೊಂಡು ಸೀ ಫ್ಯಾನ್ ಮಾತ್ರ ಹುಡುಕೋರಿಗೆ ಜನ್ಮದಲ್ಲಿ ಸಿಗುತ್ತಿರಲಿಲ್ಲ. ಅದನ್ನ ಗುರುತಿಸಿ ತಜ್ಞರ ಗಮನಕ್ಕೆ ತಂದವರು ಹೆನ್ಸೆ ಪೊಂಟೋಹ್, ಉತ್ತರ ಸುಲಾವೆಸಿಯ ಡೈವ್ ಗೈಡ್. ಅವರ ಹೆಸರೇ ಅದಕ್ಕೆ. ಇನ್ನೊಂದರ ಹೆಸರು ಸತೋಮಿಯೆ. ಅದೂ ಸತೋಮಿ ಒನಿಶಿ ಅನ್ನೋ ಡೈವ್ ಗೈಡ್ ಹೆಸರು. ಅಂಬೋನಿನ ಮುಳುಗುಗಾರರಿಗೆ ಸಿಗದೇ ಹೋದದ್ದು ಅವರ ಪಕ್ಕದ ದ್ವೀಪದ ಒಬ್ಬರಿಗೆ ಮುನ್ನೂರು ವರ್ಷ ಕಳೆದು ಸಿಕ್ಕಿತು. ವಿಜ್ಞಾನಿಗಳು ಈ ಸಾಲ ತೀರಿಸೋಕೆ ಶುರು ಮಾಡಿದ್ದಾರೆ. ಫೋಟೋ ತೆಗೆಯುವ ನಾವು?

ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ ಅನ್ನೋದಕ್ಕೆ ಕೊನೆಯದಾಗಿ ಎರಡು ಅಧ್ಯಯನ ಹೇಳ್ತೀನಿ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಆಗ್ನೇಯ ಏಷ್ಯಾದಲ್ಲಿ ಮಕ್ ಡೈವಿಂಗ್‌ನ ವರಮಾನ ವರ್ಷಕ್ಕೆ 15 ಕೋಟಿ ಡಾಲರ್‌ಗೂ ಹೆಚ್ಚು, ನೀರಿಗಿಳಿಯೋರು ಲಕ್ಷಕ್ಕೂ ಮಿಕ್ಕಿ. ಯಾರಿಗೂ ಬೇಡದ ಕೆಸರಿಗೆ ಬಂದ ಬೆಲೆ ಇದು. ಎರಡನೆಯದು 2019ರದ್ದು. ಫ್ಲಾಶ್ ಬೆಳಕಿನಿಂದ ಈ ಜೀವಿಗಳ ಕಣ್ಣು ಹಾಳಾಗುತ್ತೆ ಅನ್ನೋ ಮಾತು ಬಹಳ ಕಾಲದಿಂದ ಇತ್ತು. ಪರೀಕ್ಷಿಸಿ ನೋಡಿದರೆ ಕಡಲಕುದುರೆಯ ಕಣ್ಣಿಗೆ ಹಾನಿ ಕಾಣಲಿಲ್ಲ. ಜೀವಿಗಳಿಗೆ ನಿಜವಾಗಿ ತೊಂದರೆ ಕೊಟ್ಟದ್ದು ಮುಟ್ಟುವುದು, ಕಡ್ಡಿಯಿಂದ ಸರಿಸುವುದು, ಫೋಟೋಗೆ ಚೆನ್ನಾಗಿರಲಿ ಅಂತ ತಿರುಗಿಸಿ ಕೂರಿಸುವುದು. ಆ ಹಳೇ ತಂತಿಯ ಚೌಕಟ್ಟು ಹೋಯಿತು, ಜೀವಿಯನ್ನ ನಮ್ಮ ಚೌಕಟ್ಟಿಗೆ ತಂದು ಕೂರಿಸುವ ಅಭ್ಯಾಸ ಹೋಗಲಿಲ್ಲ.

ಆ ಕಡ್ಡಿ ಹಿಡಿದಿರೋದು ಬಹಳ ಸಲ ಗೈಡ್ ಕೈ. ಹಾಗಂತ ತಪ್ಪು ಅವರದ್ದೇ ಅನ್ನೋದು ಸುಲಭ. ಹೆಸರಿಲ್ಲದ ಗೈಡ್‌ಗೆ ಸಿಗೋದು ಟಿಪ್ಸ್ ಮಾತ್ರ, ಟಿಪ್ಸ್ ಬರೋದು ಚೆಂದದ ಫೋಟೋದಿಂದ. ಕುದುರೆ ಬೆನ್ನು ತೋರಿಸಿಕೊಂಡು ಕೂತಿದ್ದರೆ ತಿರುಗಿಸುವ ಒತ್ತಡ ಯಾರಿಂದ ಬರುತ್ತೆ? ದುಡ್ಡು ಕೊಟ್ಟು ಬಂದವನಿಂದ. ಅದೇ ಗೈಡ್‌ನ ಹೆಸರು ಆ ಜಾಗದ ಜೊತೆ, ಆ ಜೀವಿಯ ಜೊತೆ ಸೇರಿದರೆ, ಇದು ನಾನು ತೋರಿಸಿದ್ದು ಅಂತ ಹೇಳಿಕೊಳ್ಳುವ ಹಾಗಾದರೆ, ಅದನ್ನ ಕಾಪಾಡೋಕೂ ಕಾರಣ ಹೆಚ್ಚುತ್ತೆ ಅನ್ನೋದು ನನ್ನ ಅಂದಾಜು.

ನಮ್ಮ ಡಿಜಿಟಲ್ ಕ್ಯಾಮೆರಾಗಳು ಪ್ರತಿ ಫೋಟೋ ಜೊತೆ ಎಕ್ಸಿಫ್ ಅಂತ ಒಂದಿಷ್ಟು ಮಾಹಿತಿ ತಾವೇ ಬರೆದಿಡುತ್ತವೆ. ಯಾವ ಕಂಪನಿ, ಯಾವ ಮಾಡೆಲ್, ಎಷ್ಟು ಶಟರ್, ಎಷ್ಟು ಗಂಟೆ ಎಷ್ಟು ನಿಮಿಷ, ಎಲ್ಲ. ತೋರಿಸಿಕೊಟ್ಟವರು ಯಾರು ಅನ್ನೋದನ್ನ ಯಾವ ಕ್ಯಾಮೆರಾವೂ ತಾನಾಗಿ ಬರೆಯಲ್ಲ. ಅದನ್ನ ಅವರನ್ನೇ ಕೇಳಿ, ಒಪ್ಪಿಗೆ ಪಡೆದು, ನಾವೇ ಕೈಯಾರೆ ಬರೆಯಬೇಕು. ನಾನು ನನ್ನ ಲೆಂಬೆ ಫೋಟೋಗಳನ್ನ ಇಲ್ಲಿ ಹಾಕದೇ ಇರೋದಕ್ಕೆ ಕಾರಣ ಅದೇ. ಓಮ್ ಅವರಿಗೆ ಸುದ್ದಿ ಕಳಿಸಿದ್ದೇನೆ. ಹೆಸರನ್ನ ಹೇಗೆ ಬರೀಬೇಕು ಅಂತ ಅವರು ಹೇಳಿದ ದಿನ ಹಾಕ್ತೀನಿ.

ನೀವೂ ಕಾಡು ಸುತ್ತುವವರು, ಹಕ್ಕಿ ಫೋಟೋ ತೆಗೆಯುವವರು ಇದ್ದೀರಿ. ದಾಂಡೇಲಿಯಲ್ಲೋ, ಆಗುಂಬೆಯಲ್ಲೋ ನಿಮಗೆ ಆ ಹಕ್ಕಿ, ಆ ಕಪ್ಪೆ ತೋರಿಸಿಕೊಟ್ಟವರ ಹೆಸರು ನಿಮಗೆ ನೆನಪಿದೆಯಾ?